ಅರವತ್ತೇಳರ ತಾಯಿಗೆ ಯಾವ ಕಾರ್ಡು? ಕುಂದಗೋಳ ತಾಲ್ಲೂಕಿನ ಒಂದು ಪ್ರಕರಣ

ಇಲ್ಲಿ ಬರುವ ಕುಟುಂಬ ಯಾವುದೋ ಒಂದು ಮನೆಯದಲ್ಲ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಮನೆಯೊಳಗೆ ತಂದು ಕಟ್ಟಿದ ಮಾದರಿ ಪ್ರಕರಣ ಇದು. ನಿಯಮಗಳು, ಮೊತ್ತಗಳು ಮಾತ್ರ ಆಯಾ ಯೋಜನೆಗಳವು.

2025ರ ಜುಲೈ. ಕುಂದಗೋಳ ತಾಲ್ಲೂಕಿನ ಹಳ್ಳಿಯಲ್ಲಿ ಗಂಡ-ಹೆಂಡತಿ ಇಬ್ಬರೇ ಇದ್ದಾರೆ. ಆತನಿಗೆ 74, ಆಕೆಗೆ 67. ಮೂರು ಎಕರೆ ಎರೆ ಹೊಲ, ಮೊದಲು ಮೆಣಸಿನಕಾಯಿ, ಹತ್ತಿ ಬೆಳೆಯುತ್ತಿದ್ದರು; ಈಗ ಕೈಲಾಗದೆ ಲಾವಣಿಗೆ ಕೊಟ್ಟಿದ್ದಾರೆ, ವರ್ಷಕ್ಕೆ 45,000 ರೂ. ಪಿಎಂ ಕಿಸಾನ್‌ನ 6,000 ರೂ. ಬೇರೆ. ಮಗ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸಗಾರ, ತಿಂಗಳಿಗೆ 19,500 ರೂ. ಪಗಾರ, ಹೆಂಡತಿ-ಮಗುವಿನೊಂದಿಗೆ ಹುಬ್ಬಳ್ಳಿಯಲ್ಲೇ ಬಾಡಿಗೆ ಮನೆ. ಅವನ ಹೆಸರು ಇನ್ನೂ ಹಳ್ಳಿಯ ರೇಷನ್ ಕಾರ್ಡಿನಲ್ಲೇ ಇತ್ತು. ಅವನ ಪಗಾರವೂ ಮನೆಯ ಆದಾಯಕ್ಕೆ ಸೇರಿ, ವರ್ಷಕ್ಕೆ 1.2 ಲಕ್ಷದ ಗಡಿ ದಾಟಿ, ಬಿಪಿಎಲ್ ಕಾರ್ಡು ಎಪಿಎಲ್ ಆಯಿತು. ಅಕ್ಕಿ ನಿಂತದ್ದು ಎಲ್ಲರಿಗೂ ಗೊತ್ತಾಯಿತು. ಅದರ ಜೊತೆಗೇ ತಾಯಿಯ ಆಸ್ಪತ್ರೆ ಖರ್ಚಿನ ರಕ್ಷಣೆಯೂ ಕರಗಿದ್ದು ಯಾರ ಗಮನಕ್ಕೂ ಬರಲಿಲ್ಲ.

ಕಾಯಿಲೆ ಇಬ್ಬರಿಗೂ ಇದೆ. ತಂದೆಗೆ ನಡೆದರೆ ಎದೆ ಬಿಗಿಯುತ್ತದೆ, ಕೂತರೆ ಇಳಿಯುತ್ತದೆ. ಇಸಿಜಿ ನೋಡಿದ ವೈದ್ಯರು ಆಂಜಿಯೋಗ್ರಾಂ ಬರೆದಿದ್ದಾರೆ. ತಾಯಿಗೆ ಹತ್ತು ವರ್ಷದ ಸಕ್ಕರೆ ಕಾಯಿಲೆ, ಈಗ ಪಿತ್ತಕೋಶದಲ್ಲಿ ಕಲ್ಲು. ಎರಡು ತಿಂಗಳಲ್ಲಿ ಮೂರು ಸಲ ರಾತ್ರಿ ಹೊಟ್ಟೆನೋವು, ವಾಂತಿ. ಶಸ್ತ್ರಚಿಕಿತ್ಸೆ ಬೇಕೇ ಬೇಕು.

ಮನೆಯಲ್ಲಿ ಓಡಾಟ ಶುರುವಾಗಿದ್ದು ತಂದೆಯ ಎಪ್ಪತ್ತರ ಕಾರ್ಡಿಗಾಗಿ. ಊರಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಅದನ್ನೇ: "ಎಪ್ಪತ್ತ ದಾಟಿದವ್ರಿಗೆ ಐದು ಲಕ್ಷ ಬರ್ತೈತಿ." ಮಾತು ನಿಜ. ಆದರೆ ಈ ಮನೆಯಲ್ಲಿ ಹೆಚ್ಚು ಬಯಲಲ್ಲಿ ನಿಂತಿದ್ದವಳು ತಾಯಿ.

ಐದು ಲಕ್ಷ ಎಂಬ ಅಂಕಿ ಯೋಜನೆಗಳ ನಡುವಿನ ವ್ಯತ್ಯಾಸವನ್ನೇ ಮುಚ್ಚಿಬಿಡುತ್ತದೆ. ಬಿಪಿಎಲ್ ಕಾರ್ಡಿಗೆ 5 ಲಕ್ಷ, ಸಹಕಾರ ಸಂಘದ ಸದಸ್ಯರ ಯಶಸ್ವಿನಿಗೆ 5 ಲಕ್ಷ, ಎಪ್ಪತ್ತರ ಕಾರ್ಡಿಗೂ 5 ಲಕ್ಷ. ಆ ಲೆಕ್ಕದಲ್ಲಿ ಯಾರನ್ನು ಎಣಿಸುತ್ತಾರೆ, ದಿನದ ಗುಳಿಗೆ ಅದರಲ್ಲಿ ಬರುತ್ತದೆಯೇ, ಮೊದಲು ಯಾವ ದವಾಖಾನೆಯ ಬಾಗಿಲು ಬಡಿಯಬೇಕು ಎಂಬ ಮೂರು ಪ್ರಶ್ನೆ ಹಾಕಿದಾಗಲೇ ಯೋಜನೆಗಳು ಬೇರೆ ಬೇರೆಯಾಗಿ ಕಾಣತೊಡಗುತ್ತವೆ.

ಎಪ್ಪತ್ತರ ಕಾರ್ಡು

ಆಯುಷ್ಮಾನ್ ವಯೋವಂದನ ಕಾರ್ಡು 2024ರ ಅಕ್ಟೋಬರ್ 29ರಂದು ಶುರುವಾಯಿತು. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ, ರೇಷನ್ ಕಾರ್ಡಿನ ಬಣ್ಣ ಯಾವುದೇ ಇರಲಿ, ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ. ಒಂದೇ ಕುಟುಂಬದಲ್ಲಿ ಎಪ್ಪತ್ತು ದಾಟಿದವರು ಇಬ್ಬರಿದ್ದರೆ ಆ ಐದು ಲಕ್ಷವನ್ನು ಇಬ್ಬರೂ ಹಂಚಿಕೊಳ್ಳಬೇಕು. ಕುಟುಂಬಕ್ಕೆ ಮೊದಲೇ ಆಯುಷ್ಮಾನ್ ರಕ್ಷಣೆ ಇದ್ದರೆ, ಎಪ್ಪತ್ತು ದಾಟಿದವರಿಗೆ ಮಾತ್ರ ಇದು ಹೆಚ್ಚುವರಿ ಐದು ಲಕ್ಷ. ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ, ಕಾಯುವ ಅವಧಿ ಇಲ್ಲ.

ಆದರೆ ಗಂಡನ ಕಾರ್ಡಿನ ನೆರಳು ಹೆಂಡತಿಯ ಮೇಲೆ ಬೀಳುವುದಿಲ್ಲ. ಆಕೆಗೆ ಎಪ್ಪತ್ತು ತುಂಬುವವರೆಗೆ ಈ ಕಾರ್ಡಿನಲ್ಲಿ ಆಕೆ ಇಲ್ಲವೇ ಇಲ್ಲ. ಹಳ್ಳಿಗಳಲ್ಲಿ ಗಂಡನಿಗಿಂತ ಹೆಂಡತಿ ಐದಾರು ವರ್ಷ ಚಿಕ್ಕವಳಾಗಿರುವುದೇ ಹೆಚ್ಚು. ಹಾಗಾಗಿ ಈ ತೆರಪು ಈ ಮನೆಯೊಂದರದ್ದೇ ಅಲ್ಲ.

ವಯಸ್ಸಿಗೆ ಆಧಾರ್‌ನಲ್ಲಿರುವ ದಿನಾಂಕವೇ ಪ್ರಮಾಣ. ಇಲ್ಲಿ ಒಂದು ಗಂಟು ಬಿತ್ತು. ತಾಯಿಯ ಆಧಾರ್‌ನಲ್ಲಿ ಹುಟ್ಟಿದ ದಿನ 01-01-1958. ಮತದಾರರ ಚೀಟಿಯ ಪ್ರಕಾರ ಆಕೆಗೆ ಆಗಲೇ 71. ಆಧಾರ್ ಮಾಡಿಸಿದ ದಿನ ಯಾರೋ ಅಂದಾಜಿನಲ್ಲಿ ಒಂದು ವರ್ಷ ಹೇಳಿದ್ದಾರೆ, ಯಂತ್ರ ಜನವರಿ ಒಂದನ್ನು ಸೇರಿಸಿದೆ. "ಆಧಾರ್ ತಿದ್ದಿಸಿಬಿಟ್ಟರೆ ಮುಗೀತಲ್ಲ" ಎಂಬ ಸಲಹೆ ಬಂತು. ಹುಟ್ಟಿದ ದಿನ ತಿದ್ದಲು ಹುಟ್ಟಿನ ದಾಖಲೆಯೇ ಬೇಕು. ಮತದಾರರ ಚೀಟಿ ಅದಕ್ಕೆ ನಡೆಯುವುದಿಲ್ಲ. ಶಾಲೆಗೆ ಹೋಗದ ಆಕೆಗೆ ಅಂಕಪಟ್ಟಿ ಇಲ್ಲ. ಇಷ್ಟು ವರ್ಷ ತಡವಾಗಿ ಜನನ ನೋಂದಣಿ ಮಾಡಿಸಬೇಕಾದರೆ ಅಧಿಕಾರಿಯ ಆದೇಶ ಬೇಕು, ಅದು ತಿಂಗಳುಗಳ ಕೆಲಸ. ಜೊತೆಗೆ ಈ ತಿದ್ದುಪಡಿಗೆ ಆಧಾರ್‌ನಲ್ಲಿ ಸಾಮಾನ್ಯವಾಗಿ ಒಂದೇ ಅವಕಾಶ. ಕಲ್ಲಿನ ನೋವು ಅಷ್ಟು ದಿನ ಕಾಯುವುದಿಲ್ಲ. ಈ ದಾರಿಯನ್ನು ಕೈಬಿಟ್ಟದ್ದು ಸರಿಯಾದ ನಿರ್ಧಾರ. ಬೋಗಸ್ ಕಾಗದ ಹಚ್ಚಿ ವಯಸ್ಸು ಏರಿಸುವ ಏಜೆಂಟರ ಹತ್ತಿರ ಹೋಗಿದ್ದರೆ ಬ್ಯಾಂಕ್, ಪಹಣಿ, ಆಧಾರ್ ಒಂದಕ್ಕೊಂದು ತಾಳೆಯಾಗದೆ ಮುಂದೆ ಎಲ್ಲ ಕಡೆಯೂ ತೊಡಕು.

ತಂದೆಯ ಕಾರ್ಡು ಮಾಡಿಸುವಾಗ ಬೆರಳಚ್ಚು ಹಿಡಿಯಲಿಲ್ಲ. ಐವತ್ತು ವರ್ಷ ಕುಂಟೆ, ಸಲಿಕೆ ಹಿಡಿದ ಬೆರಳು. ಗೆರೆ ಸವೆದು ತುದಿ ನುಣ್ಣಗಾಗಿದೆ. ಸೇವಾ ಕೇಂದ್ರದವರು ಒದ್ದೆ ಬಟ್ಟೆಯಿಂದ ಒರೆಸಿ ನಾಲ್ಕು ಸಲ ಇಡಿಸಿದರೂ ಕೆಂಪು ಗುರುತೇ ಬಂತು. ಇಂಥವರಿಗೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಇಲ್ಲವೇ ಮುಖ ಗುರುತಿಸುವ ವಿಧಾನವೇ ದಾರಿ. ಆಯುಷ್ಮಾನ್ ಆ್ಯಪ್‌ನಲ್ಲಿ ಎರಡೂ ಇವೆ. ಆಧಾರ್‌ಗೆ ಜೋಡಿಸಿದ್ದ ನಂಬರು ಎಂದೋ ಬಂದಾದ ಸಿಮ್‌ನದು. ಕೊನೆಗೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿದಾಗ ಕೆವೈಸಿ ಆಯಿತು.

ಅರ್ಜಿಯಲ್ಲಿ ಒಂದು ಪ್ರಶ್ನೆಯನ್ನು ಅವಸರದಲ್ಲಿ ಒತ್ತಬಾರದು: ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್‌ನಂಥ ಸರ್ಕಾರಿ ಯೋಜನೆಯಲ್ಲಿ ಇದ್ದೀರಾ ಎಂಬುದು. ಅಂಥವರು ಹಳೆಯದು ಅಥವಾ ಇದು, ಎರಡರಲ್ಲಿ ಒಂದನ್ನೇ ಆರಿಸಬೇಕು. ಹೊರರೋಗಿ ಸೌಲಭ್ಯ, ಗುಳಿಗೆ ಎಲ್ಲ ಕೊಡುವ ಹಳೆಯ ಯೋಜನೆಯನ್ನು ಬಿಟ್ಟು ಬರುವುದು ಬಹುತೇಕರಿಗೆ ನಷ್ಟದ ವ್ಯಾಪಾರ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಇರುವವರಿಗೆ, ಖಾಸಗಿ ಪಾಲಿಸಿ ಇರುವವರಿಗೆ ಈ ಕಟ್ಟು ಇಲ್ಲ, ಎರಡನ್ನೂ ಇಟ್ಟುಕೊಳ್ಳಬಹುದು. ನಮ್ಮ ಪ್ರಕರಣಕ್ಕೆ ಇದು ಬಹಳ ಮುಖ್ಯ.

ಇನ್ನೊಂದು ಎಚ್ಚರಿಕೆ. ಈ ಯೋಜನೆಯ ಹಣದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಹಣ ಎರಡು ಕಡೆಯಿಂದ ಬರಬೇಕು, ಹಾಗಾಗಿ ಕಾರ್ಡು ಕೈಗೆ ಬಂದ ಮಾತ್ರಕ್ಕೆ ಮನಸ್ಸಿನಲ್ಲಿರುವ ಆಸ್ಪತ್ರೆ ಅದರ ಮೇಲೆ ಕೇಸು ತೆರೆಯುತ್ತದೆ ಎಂದುಕೊಂಡು ರೋಗಿಯನ್ನು ಒಯ್ಯಬಾರದು. ಹಗಲು ಹೊತ್ತಿನಲ್ಲಿ, ರೋಗಿ ಆರಾಮ ಇರುವಾಗಲೇ, ಆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಟೇಬಲಿಗೆ ಹೋಗಿ ಕಾರ್ಡು ತೋರಿಸಿ ಕೇಳಬೇಕು: "ಈ ಕಾರ್ಡಿನ ಮೇಲೆ ಹೃದಯದ ಸ್ಟೆಂಟಿಗೆ ಪೂರ್ವಾನುಮತಿ ಹಾಕುತ್ತೀರಾ?" ಹೌದು-ಇಲ್ಲ ಉತ್ತರ ಪಡೆದು, ಆಯುಷ್ಮಾನ್ ಸಹಾಯವಾಣಿ 14555ಕ್ಕೂ ಫೋನ್ ಮಾಡಿ ತಾಳೆ ನೋಡಬೇಕು. ಮನೆಯವರ ಹತ್ತಿರ ಇದ್ದ ಇನ್ನೊಂದು ಕಾರ್ಡು, 14 ಅಂಕಿಯ ಆಭಾ, ವಿಮೆಯೇ ಅಲ್ಲ. ಅದು ಆರೋಗ್ಯ ದಾಖಲೆಗಳ ಗುರುತು ಸಂಖ್ಯೆ ಅಷ್ಟೇ. ಅದನ್ನೇ ಐದು ಲಕ್ಷದ ಕಾರ್ಡು ಎಂದು ನಂಬಿ ತಾಯಿಯ ವಿಷಯದಲ್ಲಿ ನಿಶ್ಚಿಂತರಾಗಿದ್ದರು.

ಎಪಿಎಲ್ ಆದ ಮೇಲೆ ಉಳಿದದ್ದು

ರಾಜ್ಯದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರದ, ಶೇ 30 ಮಾತ್ರ, ಅದೂ ವರ್ಷಕ್ಕೆ ಒಟ್ಟು 1.5 ಲಕ್ಷದ ಮಿತಿಯೊಳಗೆ. ಪ್ಯಾಕೇಜ್ ದರ 30,000 ಎಂದುಕೊಳ್ಳೋಣ: ಸರ್ಕಾರ 9,000 ಕೊಡುತ್ತದೆ, ಮನೆಯವರು 21,000 ಕಟ್ಟಬೇಕು. ಒಂದು ಲಕ್ಷದ ಚಿಕಿತ್ಸೆಗೆ 70,000 ಕೈಯಿಂದ. ಲಾವಣಿಯ 45,000ದಲ್ಲಿ ಬದುಕುವ ಮನೆಗೆ ಇದು ರಕ್ಷಣೆ ಎನಿಸುವುದೇ ಇಲ್ಲ.

ಕ್ರಮವೂ ಗೊತ್ತಿರಬೇಕು. ಯೋಜನೆಯ 1,650 ಚಿಕಿತ್ಸೆಗಳಲ್ಲಿ ಸರಳವಾದ ದ್ವಿತೀಯ ಹಂತದ 294 ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಕ್ಲಿಷ್ಟವಾದ 251 ಮತ್ತು ಮೂರನೇ ಹಂತದ 934ಕ್ಕೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಚಿಕಿತ್ಸೆಯ 171ಕ್ಕೆ ಮಾತ್ರ ರೆಫರಲ್ ಇಲ್ಲದೆ ನೇರ ದಾಖಲಾಗಬಹುದು. ಮೊದಲು ಖಾಸಗಿಯಲ್ಲಿ ಮಲಗಿ, ಆಮೇಲೆ ಹುಬ್ಬಳ್ಳಿಯ ಕಿಮ್ಸ್‌ಗೆ, ಅಂದರೆ ಈಗಿನ ಕೆಎಂಸಿಆರ್‌ಐಗೆ, ಚೀಟಿಗಾಗಿ ಓಡುವವರೇ ಹೆಚ್ಚು. ಉಲ್ಟಾ ಓಟಕ್ಕೆ ಚೀಟಿ ಸಿಗುವುದು ಕಷ್ಟ.

ಮಗ ನಿಜವಾಗಿಯೂ ಬೇರೆ ಸಂಸಾರ ಹೂಡಿರುವುದರಿಂದ ಅವನ ಹೆಸರನ್ನು ಹಳ್ಳಿಯ ಕಾರ್ಡಿನಿಂದ ತೆಗೆಸಿ, ತಂದೆ-ತಾಯಿಯ ಆದಾಯ ಪ್ರಮಾಣಪತ್ರದ ಮೇಲೆ ಬಿಪಿಎಲ್‌ಗೆ ಮತ್ತೆ ಅರ್ಜಿ ಹಾಕುವುದು ನ್ಯಾಯವಾದ ದಾರಿಯೇ. ಹಾಕಿದರು. ಆದರೆ ಸ್ಥಳ ಪರಿಶೀಲನೆ ಮುಗಿದು ಕಾರ್ಡು ಬರುವುದು ಯಾವಾಗ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡಲಾಗದು.

ಯಶಸ್ವಿನಿ

ತಂದೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಹಳೆಯ ಸದಸ್ಯ. ಗ್ರಾಮೀಣ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂ., ಮೇಲಿನ ಪ್ರತಿಯೊಬ್ಬರಿಗೆ 100 ರೂ. ನಗರದವರಿಗೆ ಇದು 1,000 ಮತ್ತು 200. 67ರ ತಾಯಿಯನ್ನೂ ಇದು ಎಣಿಸುತ್ತದೆ. ಪಿತ್ತಕೋಶದ ಕಲ್ಲಿನಂಥ ಶಸ್ತ್ರಚಿಕಿತ್ಸೆಗೆ ಹೇಳಿಮಾಡಿಸಿದಂತಿದೆ. 2018ರಲ್ಲಿ ನಿಂತು 2023ರಲ್ಲಿ ಮತ್ತೆ ಜಾರಿಯಾದ ಈ ಯೋಜನೆಯನ್ನು ನಮ್ಮ ಕಡೆಯ ರೈತರು ಇನ್ನೂ ಅರ್ಧ ಮರೆತಿದ್ದಾರೆ, ಅದೊಂದು ನೋವಿನ ಸಂಗತಿ.

ತೊಡಕು ಎರಡು. ನೋಂದಣಿ ವರ್ಷಕ್ಕೊಮ್ಮೆ ಪ್ರಕಟಿಸಿದ ಅವಧಿಯಲ್ಲಿ ಮಾತ್ರ. ಈ ಮನೆಯವರು ಕಾರ್ಯದರ್ಶಿ ಡಂಗುರ ಹೊಡೆಸಿದಾಗ ಸುಗ್ಗಿಯಲ್ಲಿದ್ದರು. ಜುಲೈ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಎರಡನೆಯದು, ಬೇರೆ ಆರೋಗ್ಯ ವಿಮೆ ಇರುವವರ ವಿಷಯದಲ್ಲಿ ಯಶಸ್ವಿನಿ ಬಿಗಿ. ಅರ್ಜಿಯಲ್ಲಿ ಸುಳ್ಳು ಬರೆದು ಎರಡು ದೋಣಿಯಲ್ಲಿ ಕಾಲಿಡುವುದು ಬೇಡ. ಹಾಗಾಗಿ ಯಶಸ್ವಿನಿಯೋ ಮುಂದೆ ಹೇಳುವ ಇಎಸ್‌ಐಯೋ ಎಂಬ ಆಯ್ಕೆ ಪ್ರತಿ ವರ್ಷ ಎದುರಾಗುತ್ತದೆ.

ನಾಲ್ಕು ವರ್ಷ ಕಟ್ಟಿ ಬಳಸದ ಇಎಸ್‌ಐ

ಮಗನ ಪಗಾರ ಚೀಟಿಯಲ್ಲಿ ಪ್ರತಿ ತಿಂಗಳೂ ಇಎಸ್‌ಐ ಎಂದು 147 ರೂ. ಕಡಿತ. ಪಗಾರದ ಶೇ 0.75 ಅವನದು, ಶೇ 3.25 ಮಾಲೀಕರದು. ಪಗಾರ 21,000 ರೂ. ಮೀರದ ಕೆಲಸಗಾರರಿಗೆ ಇದು ಅನ್ವಯ. ನಾಲ್ಕು ವರ್ಷದಿಂದ ಅವನು ಕಟ್ಟುತ್ತಲೇ ಇದ್ದಾನೆ. ಅವನ ದಾಖಲೆಯಲ್ಲಿ ಹೆಂಡತಿ, ಮಗು ಇದ್ದಾರೆ. ತಂದೆ-ತಾಯಿಯ ಹೆಸರಿಲ್ಲ. "ಊರಾಗ ಇರ್ತಾರಲ್ಲ ಸರ, ಅವ್ರಿಗೆ ಬರೂದಿಲ್ಲ ಅಂದ್ಕೊಂಡಿದ್ವಿ." ಬರುತ್ತದೆ. ಎಲ್ಲ ಮೂಲಗಳಿಂದ ತಿಂಗಳ ಆದಾಯ 9,000 ರೂ. ಮೀರದ ಅವಲಂಬಿತ ತಂದೆ-ತಾಯಿ ಇಎಸ್‌ಐ ಲೆಕ್ಕದಲ್ಲಿ ಕುಟುಂಬವೇ. ಲಾವಣಿಯ 45,000, ಕಿಸಾನ್‌ನ 6,000 ಸೇರಿ ವರ್ಷಕ್ಕೆ 51,000, ತಿಂಗಳಿಗೆ 4,250. ಮಿತಿಯ ಅರ್ಧಕ್ಕೂ ಕಡಿಮೆ. ಬಿಪಿಎಲ್ ಅರ್ಜಿಗೆ ತೋರಿಸಿದ ಆದಾಯವೂ ಇಲ್ಲಿ ತೋರಿಸಿದ್ದೂ ಒಂದೇ ಇರಬೇಕು. ಎರಡು ಕಾಗದ ಎರಡು ಮಾತಾಡಿದರೆ ಎರಡೂ ಕೆಡುತ್ತವೆ.

ಇಎಸ್‌ಐಗೆ ಈ ಮನೆಯಲ್ಲಿ ಮೊದಲ ಸ್ಥಾನ ಕೊಟ್ಟದ್ದು ಗುಳಿಗೆಗಾಗಿ. ಉಳಿದ ಯೋಜನೆಗಳೆಲ್ಲ ಹಾಸಿಗೆ ಹಿಡಿದಾಗ ಮಾತ್ರ ಜೊತೆಗಿರುತ್ತವೆ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ ಖರ್ಚು 15 ದಿನದ್ದು. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಗುಳಿಗೆಗಳನ್ನು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷದವರೆಗೆ, ಒಂದು ದಿನವೂ ತಪ್ಪದೆ ನುಂಗಬೇಕು. ದುಡ್ಡಿಲ್ಲವೆಂದು ಮೂರನೇ ತಿಂಗಳಿಗೆ ನಿಲ್ಲಿಸಿದವರಿಗೆ ಸ್ಟೆಂಟೇ ಕಟ್ಟಿಕೊಂಡು ಮತ್ತೆ ಹೃದಯಾಘಾತವಾಗಬಹುದು. ಲಕ್ಷದ ಚಿಕಿತ್ಸೆ ಉಚಿತವಾಗಿ ಆಗಿ, ಗುಳಿಗೆಯ ಖರ್ಚಿಗೆ ಜೀವ ಹೋಗಬಾರದು. ತಾಯಿಯ ಸಕ್ಕರೆ ಗುಳಿಗೆಯದೂ ಇದೇ ಲೆಕ್ಕ: ಜೀವನವಿಡೀ. ಇಎಸ್‌ಐ ಚಿಕಿತ್ಸಾಲಯ ಹೊರರೋಗಿ ತಪಾಸಣೆ, ಗುಳಿಗೆ ಎರಡನ್ನೂ ಕೊಡುತ್ತದೆ. ಕೆಲಸದಲ್ಲಿರುವ ವಿಮಾದಾರನ ಕುಟುಂಬದ ಚಿಕಿತ್ಸೆಗೆ ಲಕ್ಷದ ಮಿತಿಯೂ ಇಲ್ಲ.

ಹೆಸರು ಸೇರಿಸಲು ಇಬ್ಬರ ಆಧಾರ್, ಫೋಟೊ, ಅವಲಂಬನೆಯ ಘೋಷಣೆ ಬೇಕಾಯಿತು. ಗುತ್ತಿಗೆದಾರರ ಗುಮಾಸ್ತ ಪೋರ್ಟಲ್ ತೆರೆದಾಗ ಇನ್ನೊಂದು ಎಡವಟ್ಟು ಹೊರಬಿತ್ತು. ಮೇ ತಿಂಗಳಲ್ಲಿ ಗುತ್ತಿಗೆದಾರ ಬದಲಾದಾಗ ಹಳೆಯ ವಿಮಾ ಸಂಖ್ಯೆಯನ್ನೇ ಮುಂದುವರಿಸುವ ಬದಲು ಹೊಸ ಸಂಖ್ಯೆ ತೆಗೆದಿದ್ದರು, ಹೆಸರಿನ ಕಾಗುಣಿತವೂ ಬೇರೆ. ಹೊಸ ಸಂಖ್ಯೆಯ ಪ್ರಕಾರ ಮಗ ಸೇರಿ ಎರಡೇ ತಿಂಗಳು. ಸಾಮಾನ್ಯ ಚಿಕಿತ್ಸೆಗೆ ಅಡ್ಡಿಯಿಲ್ಲ. ಆದರೆ ಸ್ಟೆಂಟಿನಂಥ ಸೂಪರ್ ಸ್ಪೆಷಾಲಿಟಿಗೆ ಹಿಂದಿನ ವಂತಿಗೆಯ ದಿನಗಳನ್ನು ಎಣಿಸುತ್ತಾರೆ. ನಾಲ್ಕು ವರ್ಷದ ವಂತಿಗೆ ಹಳೆಯ ಸಂಖ್ಯೆಯಲ್ಲಿ ಮಲಗಿತ್ತು. ಶಾಖಾ ಕಚೇರಿಗೆ ಎರಡೂ ಸಂಖ್ಯೆ, ಆಧಾರ್, ಎರಡೂ ಗುತ್ತಿಗೆದಾರರ ಪಗಾರ ಚೀಟಿ ಕೊಟ್ಟು ಒಂದುಗೂಡಿಸಲು ಮನವಿ ಹಾಕಿದರು. ಮೂರು ವಾರ ಹಿಡಿಯಿತು. ಕೆಲಸ ಬದಲಿಸುವ ಯಾರೇ ಆಗಲಿ, ಸೇರುವ ದಿನವೇ ಹಳೆಯ ಸಂಖ್ಯೆಯನ್ನು ಬರೆದುಕೊಟ್ಟು ಅದೇ ನಮೂದಾಗಿದೆಯೇ ಎಂದು ನೋಡಿಕೊಂಡರೆ ಈ ಮೂರು ವಾರ ಉಳಿಯುತ್ತದೆ.

ಖಾಸಗಿ ಪಾಲಿಸಿಯ ಮಾತೂ ಬಂತು. ತಾಯಿಗೆ ಮಾಡಿಸಿದರೂ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸುವ ಅವಕಾಶ ಕಂಪನಿಗಿದೆ. ಕಲ್ಲು ಈಗಾಗಲೇ ಸ್ಕ್ಯಾನಿಂಗ್‌ನಲ್ಲಿ ಕಂಡಿದೆ. ಅದನ್ನು ಮುಚ್ಚಿಟ್ಟು ಪಾಲಿಸಿ ಕೊಳ್ಳುವುದು ಕ್ಲೇಮು ತಿರಸ್ಕಾರಕ್ಕೆ ಮುಂಗಡ ಕಟ್ಟಿದಂತೆ. ಬಿಟ್ಟರು.

ನಡೆದದ್ದು

ಮೊದಲ ವಾರವೇ ಹೇಳಿದ ಮಾತು: ಈ ಕಾಗದಪತ್ರದ ನಡುವೆ ತಂದೆಗೆ ಕೂತಾಗಲೂ ಎದೆನೋವು ಬಂದು, ಬೆವರಿ, ಹತ್ತು ನಿಮಿಷಕ್ಕೂ ಇಳಿಯದಿದ್ದರೆ ಕಾರ್ಡು ಹುಡುಕಬೇಡಿ. 108 ಕರೆದು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಯಲ್ಲಿ ಇಸಿಜಿ ನೋಡಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಆ ಹೊತ್ತಿನಲ್ಲಿ ಯಾವ ಯೋಜನೆ ಎಂಬ ಚರ್ಚೆಗೆ ಕಳೆದ ಅರ್ಧ ಗಂಟೆ ಹೃದಯದ ಸ್ನಾಯುವಿನಲ್ಲಿ ಕಳೆದದ್ದೇ. ಅದೃಷ್ಟಕ್ಕೆ ಹಾಗಾಗಲಿಲ್ಲ.

ತಾಯಿಯ ಕೆಲಸ ಮೊದಲು ಮುಗಿಯಿತು. ಹೆಸರು ಸೇರಿದ ಮರುವಾರ ಇಎಸ್‌ಐ ಚಿಕಿತ್ಸಾಲಯಕ್ಕೆ, ಅಲ್ಲಿಂದ ಹುಬ್ಬಳ್ಳಿಯ ಇಎಸ್‌ಐ ಆಸ್ಪತ್ರೆಗೆ. ಸಕ್ಕರೆ ಹೆಚ್ಚಿದ್ದರಿಂದ ಅರಿವಳಿಕೆ ವೈದ್ಯರು ಒಪ್ಪಲಿಲ್ಲ. ಗುಳಿಗೆ ಬದಲಿಸಿ, ಇನ್ಸುಲಿನ್ ಕೊಟ್ಟು ಮೂರು ವಾರ ಹತೋಟಿಗೆ ತಂದ ಮೇಲೆ ಶಸ್ತ್ರಚಿಕಿತ್ಸೆ. ಆಸ್ಪತ್ರೆಗೆ ಕಟ್ಟಿದ್ದು ಸೊನ್ನೆ. ಆದರೆ ಜೊತೆಗಿದ್ದವರ ಊಟ, ಓಡಾಟ, ಸೊಸೆ ಕಳೆದುಕೊಂಡ ಕೂಲಿ ಇವನ್ನು ಯಾವ ಯೋಜನೆಯೂ ಕೊಡುವುದಿಲ್ಲ. ಮೊದಲೇ ಕೈಯಲ್ಲಿ ಐದಾರು ಸಾವಿರ ಇಟ್ಟುಕೊಂಡಿರಬೇಕು.

ತಂದೆಯದು ವಿಮಾ ಸಂಖ್ಯೆ ಒಂದುಗೂಡಿದ ಮೇಲೆ. ಇಎಸ್‌ಐ ರೆಫರಲ್ ಪತ್ರದ ಮೇಲೆ ಒಪ್ಪಂದದ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ, ಒಂದು ರಕ್ತನಾಳಕ್ಕೆ ಸ್ಟೆಂಟ್. ಪತ್ರದಲ್ಲಿ ಆಂಜಿಯೋಗ್ರಾಂ ಎಂದಷ್ಟೇ ಇದ್ದದ್ದರಿಂದ ಸ್ಟೆಂಟಿಗೆ ಮತ್ತೆ ಅನುಮತಿ ಬೇಕಾಯಿತು, ಒಂದು ದಿನ ಹೆಚ್ಚು ಮಲಗಿದರು. "ಬೇಕಾದಲ್ಲಿ ಆಂಜಿಯೋಪ್ಲಾಸ್ಟಿ", ಅಂದರೆ ಸ್ಟೆಂಟ್ ಹಾಕುವುದು, ಎಂಬ ಸಾಲನ್ನೂ ಸೇರಿಸಲು ಮೊದಲೇ ಕೇಳಿದ್ದರೆ ಒಳ್ಳೆಯದಿತ್ತು. ವಯೋವಂದನ ಕಾರ್ಡನ್ನು ಮುಟ್ಟಲಿಲ್ಲ. ಅದರ ಐದು ಲಕ್ಷ ಹಾಗೇ ಇದೆ.

ಇನ್ನು ಮಗನ ಕೆಲಸ. ಗುತ್ತಿಗೆ ಕೆಲಸ ಯಾವತ್ತೂ ಅಲುಗಾಡುತ್ತದೆ, ಅದರ ಜೊತೆಗೆ ಇಎಸ್‌ಐಯೂ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಚಿಕಿತ್ಸೆಯ ಹಕ್ಕು ಉಳಿಯುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆ ಜುಲೈನಿಂದ ಡಿಸೆಂಬರ್‌ಗೆ. ಪಗಾರ ನಡುವೆ 21,000 ದಾಟಿದರೂ ಆ ಆರು ತಿಂಗಳ ಅವಧಿ ಮುಗಿಯುವವರೆಗೆ ವಂತಿಗೆ ನಡೆಯುತ್ತದೆ. ಯಶಸ್ವಿನಿಯ ನೋಂದಣಿ ತೆರೆದಾಗ ಈ ಲೆಕ್ಕ ಮುಂದಿಟ್ಟುಕೊಂಡೇ ನಿರ್ಧರಿಸಬೇಕು. ಮಗನ ಕೆಲಸ ಗಟ್ಟಿ ಕಂಡರೆ ಇಎಸ್‌ಐ ಸಾಕು. ಕೆಲಸ ಹೋಗಿದ್ದರೆ, ಹೋಗುವ ಸೂಚನೆ ಇದ್ದರೆ, ತಂದೆಯ ಸಂಘದ ಸದಸ್ಯತ್ವದ ಮೇಲೆ 500 ರೂ. ಕಟ್ಟಿ ತಾಯಿಯನ್ನು ಯಶಸ್ವಿನಿಯೊಳಗೆ ತರಬೇಕು, ದಿನದ ಗುಳಿಗೆಗೆ ಜನೌಷಧಿ ಅಂಗಡಿ ಹಿಡಿಯಬೇಕು. ಬಿಪಿಎಲ್ ಮರಳಿ ಬಂದರೆ ಈ ಪ್ರಶ್ನೆಯ ಒತ್ತಡ ಇಳಿಯುತ್ತದೆ: ತಾಯಿಗೆ ಕುಟುಂಬದ 5 ಲಕ್ಷ, ತಂದೆಗೆ ಅದರ ಮೇಲೆ ಎಪ್ಪತ್ತರ ಕಾರ್ಡು.

ಹಳ್ಳಿಯ ಮನೆಯ ತಿಜೋರಿಯ ಒಳಬಾಗಿಲಿಗೆ ಮಗ ಒಂದು ಹಾಳೆ ಅಂಟಿಸಿದ್ದಾನೆ. ಅದರಲ್ಲಿ ಅವನ ಇಎಸ್‌ಐ ಸಂಖ್ಯೆ, 108, 104, 14555, ಸಂಘದ ಕಾರ್ಯದರ್ಶಿಯ ನಂಬರು, ತಂದೆ ಯಾವ ತಾರೀಕಿನವರೆಗೆ ಎರಡು ಗುಳಿಗೆ ನಿಲ್ಲಿಸಬಾರದು ಎಂಬುದು. ಕೊನೆಯ ಸಾಲು ಕೆಂಪು ಪೆನ್ನಿನಲ್ಲಿದೆ: "ಅವ್ವಗ ಎಪ್ಪತ್ತು — 1 ಜನವರಿ 2028. ಅವತ್ತ ಕಾರ್ಡು ಮಾಡಸೋದು."